ಹಲ್ಲಿನ ಕ್ಯಾಪ್ ಏಕೆ ಕಳಚುತ್ತದೆ? ಲೋಹಕ್ಕೂ ಹಲ್ಲಿಗೂ ನಂಟು ಹಾಕುವ ಅಂಟಿನ ಕಥೆ

“ಕ್ಯಾಪ್ ಹಾಕಿಸಿ ಎರಡು ವರ್ಷ ಆಗಲಿಲ್ಲ ಡಾಕ್ಟ್ರೇ, ಚಿಕ್ಕಿ ತಿನ್ನುವಾಗ ಕಿತ್ತು ಕೈಗೆ ಬಂತು.” ದಂತವೈದ್ಯರ ಬಳಿ ಕೇಳಿಬರುವ ಸರ್ವೇಸಾಮಾನ್ಯ ದೂರು ಇದು. ಭಟ್ಕಳ, ಹೊನ್ನಾವರ, ಕುಮಟಾದಂಥ ಊರುಗಳಲ್ಲಿ ಈ ದೂರಿನ ಹಿಂದೆ ಇನ್ನೊಂದು ಕಷ್ಟವೂ ಇದೆ. ಊರಿನ ದವಾಖಾನೆಯಲ್ಲಿ ಆಗದ ಕೆಲಸವಾದರೆ ಭಟ್ಕಳದವರು ಮಣಿಪಾಲಕ್ಕೆ ಹೋಗಬೇಕು; ಕುಮಟಾದವರು ದೇವಿಮನೆ ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡದ ದಾರಿ ಹಿಡಿಯಬೇಕು. ಒಂದು ಕ್ಯಾಪ್ ಕಳಚಿತೆಂದರೆ ಒಂದು ದಿನದ ದುಡಿಮೆ, ಬಸ್ಸಿನ ಖರ್ಚು, ಮೇಲೆ ಮತ್ತೆ ಅಂಟಿಸುವ ಖರ್ಚು. ಹೀಗಾಗಿ ಅನೇಕರು ಹೋಗುವುದನ್ನೇ ಮುಂದೂಡುತ್ತಾರೆ. ಅಷ್ಟರಲ್ಲಿ ಒಳಗಿನ ಹಲ್ಲು ಹುಳುಕಾಗಿ, ಕೊನೆಗೆ ಕೀಳಿಸಬೇಕಾದ ಪರಿಸ್ಥಿತಿ ಬರುತ್ತದೆ.

ಕ್ಯಾಪ್ ಯಾವುದರ ಬಲದಿಂದ ನಿಲ್ಲುತ್ತದೆ, ಏಕೆ ಕಳಚುತ್ತದೆ, ಕಳಚದಂತೆ ವೈದ್ಯರು ಏನು ಮಾಡಬಲ್ಲರು, ನಾವು ಏನು ಮಾಡಬೇಕು ಎಂಬುದನ್ನು ಈ ವಾರ ತಿಳಿದುಕೊಳ್ಳೋಣ.

ಹಲ್ಲಿನ ಟೊಪ್ಪಿಗೆ

ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಆದ ದವಡೆ ಹಲ್ಲಿನಲ್ಲಿ ಹುಳುಕಿಗೂ ಚಿಕಿತ್ಸೆಗೂ ಬಹಳಷ್ಟು ಭಾಗ ಕಳೆದುಹೋಗಿರುತ್ತದೆ. ಉಳಿದ ಗೋಡೆಗಳು ತೆಳುವಾಗಿದ್ದು, ಗಟ್ಟಿ ಪದಾರ್ಥ ಕಚ್ಚಿದರೆ ಸೀಳಿಬಿಡಬಹುದು. ಅದಕ್ಕಾಗಿ ಹಲ್ಲನ್ನು ಸುತ್ತಲೂ ಸ್ವಲ್ಪ ಉಜ್ಜಿ, ಅಚ್ಚು ತೆಗೆದು, ಅದಕ್ಕೆ ಸರಿಹೊಂದುವ ಟೊಪ್ಪಿಗೆಯನ್ನು ಮಾಡಿ ತೊಡಿಸುತ್ತಾರೆ. ಇದೇ ಕ್ಯಾಪ್. ಒಂದು ಹಲ್ಲು ಇಲ್ಲದಿದ್ದರೆ ಅಕ್ಕಪಕ್ಕದ ಎರಡು ಹಲ್ಲುಗಳಿಗೆ ಕ್ಯಾಪ್ ತೊಡಿಸಿ ನಡುವೆ ಕೃತಕ ಹಲ್ಲನ್ನು ಜೋಡಿಸುವುದು ಬ್ರಿಜ್.

ನಮ್ಮಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು ನಿಕ್ಕಲ್-ಕ್ರೋಮಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಕ್ಯಾಪ್. ಅದರ ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ ಹೊದಿಸಿದ ಕ್ಯಾಪ್ ಕೂಡ ಒಳಗಡೆ ಲೋಹವೇ. ಬಂಗಾರದ ಮಿಶ್ರಲೋಹವನ್ನು ಬಳಸುವುದೂ ಉಂಟು. ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಬಿಳಿಯ ಜಿರ್ಕೋನಿಯಾ ಶುದ್ಧ ಲೋಹವಲ್ಲ, ಲೋಹದ ಆಕ್ಸೈಡ್. ಯಾವುದೇ ಆಗಲಿ, ಅದನ್ನು ಹಲ್ಲಿನ ಮೇಲೆ ನಿಲ್ಲಿಸುವುದು ಎರಡು ಸಂಗತಿ: ಉಜ್ಜಿದ ಹಲ್ಲಿನ ಆಕಾರ ಮತ್ತು ನಡುವಿನ ಅಂಟು.

ಹಲಸಿನ ಮೇಣದ ಪಾಠ

ಹಲಸಿನ ಹಣ್ಣು ಬಿಡಿಸುವ ಮುನ್ನ ನಮ್ಮ ಮನೆಗಳಲ್ಲಿ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಏಕೆ? ಮೇಣ ಅಂಟದಿರಲಿ ಎಂದು. ಎಣ್ಣೆಯ ತೆಳು ಪದರವೊಂದು ನಡುವೆ ಬಂದರೆ ಎಂಥ ಮೇಣವೂ ಕತ್ತಿಯನ್ನು ಹಿಡಿಯದು. ಅಂಟುವ ಶಾಸ್ತ್ರದ ಮೊದಲ ಪಾಠ ಇದೇ. ಅಂಟು ಎಷ್ಟೇ ಬಲವಾಗಿರಲಿ, ಅದು ಮೇಲ್ಮೈಯನ್ನು ಚೆನ್ನಾಗಿ ತೋಯಿಸಿ, ಸಂದುಗೊಂದುಗಳಿಗೆ ಇಳಿದು ಹಿಡಿಯಬೇಕು. ಮೇಲ್ಮೈ ಕೊಳೆಯಾಗಿದ್ದರೆ, ಜಿಡ್ಡಾಗಿದ್ದರೆ ಅಥವಾ ಗಾಜಿನಂತೆ ನುಣುಪಾಗಿದ್ದರೆ ಹಿಡಿತ ಸಿಗದು.

ಬಾಯಿಯಲ್ಲಿ ಎಣ್ಣೆಯ ಕೆಲಸವನ್ನು ಮಾಡುವುದು ಜೊಲ್ಲು. ಕ್ಯಾಪ್ ಸರಿಯಾಗಿ ಕೂರುತ್ತದೆಯೇ ಎಂದು ಬಾಯಲ್ಲಿಟ್ಟು ನೋಡಿದಾಗಲೇ ಅದರ ಒಳಮೈಗೆ ಜೊಲ್ಲಿನ ಪದರ ಹತ್ತುತ್ತದೆ. ಅದನ್ನು ತೆಗೆಯದೆ ಅಂಟಿಸಿದರೆ ಎಣ್ಣೆ ಸವರಿದ ಕತ್ತಿಯ ಕಥೆಯೇ.

ಗೇಟಿಗೆ ಬಣ್ಣ ಹಚ್ಚುವವರು ಬಲ್ಲ ಗುಟ್ಟು

ಕಡಲ ಕಡೆಯ ಉಪ್ಪು ಗಾಳಿಯಲ್ಲಿ ಕಬ್ಬಿಣದ ಗೇಟು, ಕಿಟಕಿ ಸರಳು ಬೇಗ ತುಕ್ಕು ಹಿಡಿಯುತ್ತವೆ. ಅನುಭವವುಳ್ಳ ಪೇಂಟರ್ ನೇರವಾಗಿ ಬಣ್ಣ ಬಳಿಯುವುದಿಲ್ಲ. ಮೊದಲು ಉಪ್ಪುಕಾಗದದಿಂದ ತುಕ್ಕು ಉಜ್ಜಿ ತೆಗೆಯುತ್ತಾನೆ. ಒರೆಸಿ ಒಣಗಿಸುತ್ತಾನೆ. ಆಮೇಲೆ ಕೆಂಪು ಪ್ರೈಮರ್ ಹಚ್ಚುತ್ತಾನೆ. ಅದು ಒಣಗಿದ ಮೇಲೆಯೇ ಬಣ್ಣ. ಪ್ರೈಮರ್ ಇಲ್ಲದ ಬಣ್ಣ ಒಂದು ಮಳೆಗಾಲ ಕಳೆಯುವುದರೊಳಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಹಲ್ಲಿನ ಕ್ಯಾಪಿಗೂ ಇದೇ ಮೂರು ಹೆಜ್ಜೆ: ಒರಟುಗೊಳಿಸುವುದು, ಶುಚಿ ಮಾಡುವುದು, ಪ್ರೈಮರ್ ಹಚ್ಚುವುದು. ಈ ಹೋಲಿಕೆ ಕೇವಲ ಮಾತಿಗಾಗಿ ಹೇಳಿದ್ದಲ್ಲ. ಅಮೆರಿಕದ ದಂತವಿಜ್ಞಾನಿ ಮೈಕೆಲ್ ಬ್ಯುನೊಕೋರ್, ಕಾರ್ಖಾನೆಗಳಲ್ಲಿ ಬಣ್ಣ ಮತ್ತು ರಾಳ ಚೆನ್ನಾಗಿ ಹಿಡಿಯಲೆಂದು ಲೋಹದ ಮೇಲ್ಮೈಗೆ ಫಾಸ್ಫಾರಿಕ್ ಆಮ್ಲದ ಉಪಚಾರ ಮಾಡುವುದನ್ನು ಗಮನಿಸಿದ್ದರು. ಅದೇ ಆಮ್ಲವನ್ನು ಹಲ್ಲಿನ ಎನಾಮಲ್ ಮೇಲೆ ಏಕೆ ಬಳಸಬಾರದು ಎಂದು ಯೋಚಿಸಿ, ಪ್ರಯೋಗ ಮಾಡಿ 1955ರಲ್ಲಿ ಪ್ರಕಟಿಸಿದರು. ಆಮ್ಲ ತಾಗಿದ ಎನಾಮಲ್ಲಿನಲ್ಲಿ ಕಣ್ಣಿಗೆ ಕಾಣದ ಕುಳಿಗಳು ಮೂಡುತ್ತವೆ, ಪ್ಲಾಸ್ಟಿಕ್ಕಿನಂಥ ರಾಳ ಅವುಗಳಿಗೆ ಇಳಿದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇಂದಿನ ಬಿಳಿ ಫಿಲ್ಲಿಂಗು, ಹಲ್ಲು ನೇರ ಮಾಡುವ ತಂತಿಯ ಬ್ರಾಕೆಟ್ಟು ಎಲ್ಲವೂ ನಿಂತಿರುವುದು ಈ ಪಾಯದ ಮೇಲೆ. ಲೋಹದ ವಿದ್ಯೆ ಹೀಗೆ ಹಲ್ಲಿಗೆ ಬಂತು.

ಹಳೆಯ ಸಿಮೆಂಟು, ಹೊಸ ಅಂಟು

ಹಿಂದಿನಿಂದ ಬಳಕೆಯಲ್ಲಿದ್ದ ಜಿಂಕ್ ಫಾಸ್ಫೇಟ್ ಸಿಮೆಂಟು ನಿಜವಾದ ಅರ್ಥದಲ್ಲಿ ಅಂಟುವುದಿಲ್ಲ. ಕಲ್ಲುಗೋಡೆಯ ಸಂದಿಗೆ ತುಂಬಿದ ಗಾರೆಯಂತೆ ಕ್ಯಾಪಿಗೂ ಹಲ್ಲಿಗೂ ನಡುವಿನ ಸಂದು ತುಂಬಿ ಗಟ್ಟಿಯಾಗುತ್ತದೆ ಅಷ್ಟೆ. 1968ರಲ್ಲಿ ಬಂದ ಪಾಲಿಕಾರ್ಬಾಕ್ಸಿಲೇಟ್ ಮತ್ತು 1970ರ ದಶಕದಲ್ಲಿ ಬಂದ ಗ್ಲಾಸ್ ಅಯೊನೊಮರ್ ಸಿಮೆಂಟುಗಳು ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿ ಸೇರಿಕೊಂಡವು. ಆದರೆ ಬಲವಾದ ಹಿಡಿತ ಬೇಕಾದಲ್ಲಿ ಬಳಸುವುದು ರಾಳದ ಅಂಟು, ಅಂದರೆ ರೆಸಿನ್ ಸಿಮೆಂಟು. ಇದು ಪಾಲಿಮರ್. ಪಾಲಿಮರ್ ಎಂದರೆ ಭಟ್ಕಳ ಮಲ್ಲಿಗೆಯ ದಂಡೆಯ ಹಾಗೆ: ಬಿಡಿ ಮೊಗ್ಗುಗಳಂತಿದ್ದ ಸಣ್ಣ ಅಣುಗಳು ಒಂದಕ್ಕೊಂದು ಕೂಡಿ ಉದ್ದನೆಯ ಸರವಾಗುತ್ತವೆ. ಬಾಯಿಯೊಳಗೆ ನಿಮಿಷಗಳಲ್ಲಿ ಈ ಪೋಣಿಸುವಿಕೆ ನಡೆದು ಅಂಟು ಗಟ್ಟಿಯಾಗುತ್ತದೆ.

ಒಂದೇ ತೊಡಕು. ರಾಳಕ್ಕೂ ಲೋಹಕ್ಕೂ ಹುಟ್ಟಿನಿಂದ ಸ್ನೇಹವಿಲ್ಲ. ರಾಳ ಲೋಹದ ಮೇಲೆ ಕುಳಿತಿರುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ಈ ಇಬ್ಬರ ನಡುವೆ ಮಧ್ಯಸ್ಥಿಕೆ ವಹಿಸುವುದೇ ಪ್ರೈಮರ್.

ಎರಡು ಕೈಗಳ ಅಣು

ಮೊದಲು ಕ್ಯಾಪಿನ ಒಳಮೈಗೆ ಅಲ್ಯುಮಿನಾ ಎಂಬ ಗಟ್ಟಿ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆಯುತ್ತಾರೆ. ಇದಕ್ಕೆ ಸ್ಯಾಂಡ್‌ಬ್ಲಾಸ್ಟಿಂಗ್ ಎನ್ನುತ್ತಾರೆ. ಪುಡಿಯ ಕಣ ಸಾಮಾನ್ಯವಾಗಿ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ಸಣ್ಣದು. ಈ ಹೊಡೆತಕ್ಕೆ ಹಳೆಯ ಕೊಳೆ ಹೋಗುತ್ತದೆ, ಲೋಹದ ಮೈ ಒರಟಾಗುತ್ತದೆ, ಅಂಟು ಹಿಡಿಯಲು ಜಾಗವೂ ಹೆಚ್ಚುತ್ತದೆ.

ನಂತರ ಒಂದೆರಡು ಹನಿ ಪ್ರೈಮರ್ ಸವರಿ ಒಣಗಲು ಬಿಡುತ್ತಾರೆ. ಪ್ರೈಮರಿನಲ್ಲಿರುವ ಅಣುವಿಗೆ ಎರಡು ಕೈಗಳಿವೆ ಎಂದು ಭಾವಿಸಿ. ನಿಕ್ಕಲ್, ಕ್ರೋಮಿಯಂ, ಕೋಬಾಲ್ಟ್‌ಗಳ ಮೈಮೇಲೆ ಗಾಳಿ ಸೋಕಿದೊಡನೆ ಆಕ್ಸೈಡಿನ ತೆಳು ಪೊರೆಯೊಂದು ಮೂಡುತ್ತದೆ. ಅಣುವಿನ ಒಂದು ಕೈ ಈ ಪೊರೆಯನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಕೈ ರಾಳದ ಸರದಲ್ಲಿ ತಾನೂ ಒಂದು ಮೊಗ್ಗಾಗಿ ಸೇರಿಕೊಳ್ಳುತ್ತದೆ. ಅಲ್ಲಿಗೆ ಲೋಹ, ಪ್ರೈಮರ್, ರಾಳ, ಹಲ್ಲು ಎಲ್ಲವೂ ಒಂದೇ ಸರಪಳಿ.

ಈ ಬಗೆಯ ಅಣುಗಳಲ್ಲಿ ಹೆಸರಾದವು ಎರಡು: ಫೋರ್-ಮೆಟಾ ಮತ್ತು ಎಂ.ಡಿ.ಪಿ. ಎರಡನ್ನೂ ರೂಪಿಸಿದವರು ಜಪಾನಿನ ಸಂಶೋಧಕರು. 1980ರ ದಶಕದ ಆರಂಭದಲ್ಲಿ ಇವು ದಂತವೈದ್ಯರ ಕೈಗೆ ಬಂದವು. ಎಂ.ಡಿ.ಪಿ. ಅಣುವಿನ ಲೋಹ ಹಿಡಿಯುವ ಕೈ ಫಾಸ್ಫೇಟಿನದು. ಜಿರ್ಕೋನಿಯಾವನ್ನೂ ಅದು ಚೆನ್ನಾಗಿ ಹಿಡಿಯುತ್ತದೆ. ಬಂಗಾರದ ಮಾತು ಬೇರೆ. ಅದು ತುಕ್ಕು ಹಿಡಿಯದ ಲೋಹವಾದ್ದರಿಂದ ಅದರ ಮೇಲೆ ಆಕ್ಸೈಡಿನ ಪೊರೆ ಇಲ್ಲ. ಹಿಡಿಯಲು ಪೊರೆಯೇ ಇಲ್ಲದಲ್ಲಿ ಫಾಸ್ಫೇಟಿನ ಕೈ ಏನು ಮಾಡೀತು? ಅದಕ್ಕಾಗಿ ಗಂಧಕದ ಕೈಯುಳ್ಳ ಪ್ರೈಮರುಗಳನ್ನು ತಯಾರಿಸಿದರು. ಗಂಧಕಕ್ಕೂ ಬಂಗಾರ, ಬೆಳ್ಳಿಗಳಿಗೂ ಒಲವು ಹೆಚ್ಚು. ಎರಡೂ ಬಗೆಯ ಅಣುಗಳನ್ನು ಬೆರೆಸಿದ ಪ್ರೈಮರುಗಳೂ ಇವೆ. ಆದ್ದರಿಂದ ಕ್ಯಾಪ್ ಯಾವ ಲೋಹದ್ದು ಎಂಬುದು ತಿಳಿದಿದ್ದರೆ ಮುಂದೆ ಅಂಟಿಸುವ ವೈದ್ಯರಿಗೆ ದೊಡ್ಡ ಅನುಕೂಲ.

ನೀರೇ ಪರೀಕ್ಷಕ

ಬಾಯಿ ಸದಾ ಒದ್ದೆ. ಬಿಸಿ ಚಹಾ, ಹಿಂದೆಯೇ ತಣ್ಣನೆಯ ಮಜ್ಜಿಗೆ ಅಥವಾ ಐಸ್‌ಕ್ರೀಮು. ಬಿಸಿಗೆ ಲೋಹವೂ ರಾಳವೂ ಹಿಗ್ಗುತ್ತವೆ, ಆದರೆ ಸಮನಾಗಿ ಅಲ್ಲ. ಪ್ರತಿ ಸಲವೂ ಎರಡರ ನಡುವಿನ ಗಡಿಯಲ್ಲಿ ಎಳೆದಾಟ. ಕೇವಲ ಒರಟುತನದ ಬಲದಿಂದ ನಿಂತ ಅಂಟಿನಲ್ಲಿ ನೂಲಿನಂಥ ಬಿರುಕು ಬಿಟ್ಟು, ನೀರು ಒಳಗೆ ನುಸುಳಿ ಕೊನೆಗೆ ಅಂಟು ಬಿಟ್ಟುಕೊಳ್ಳುತ್ತದೆ. ಅದಕ್ಕಾಗಿಯೇ ಪ್ರಯೋಗಶಾಲೆಗಳಲ್ಲಿ ಅಂಟಿಸಿದ ತುಣುಕುಗಳನ್ನು 5 ಡಿಗ್ರಿ ಮತ್ತು 55 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸಾವಿರಾರು ಬಾರಿ ಅದ್ದಿ ತೆಗೆದು, ಬಳಿಕ ಎಳೆದು ನೋಡುತ್ತಾರೆ. ಪ್ರೈಮರ್ ಹಚ್ಚಿದ ಲೋಹದ ಮೇಲುಗೈ ಕಾಣುವುದು ಇಂಥ ಪರೀಕ್ಷೆಯ ನಂತರವೇ. ಮೊದಲ ದಿನದ ಬಲಕ್ಕಿಂತ ವರ್ಷಗಳ ಬಾಳಿಕೆಯಲ್ಲಿ ಅದರ ಪ್ರಯೋಜನ ಹೆಚ್ಚು.

ಯಾರಿಗೆ ಇದರಿಂದ ಹೆಚ್ಚಿನ ಲಾಭ?

ಎಲ್ಲ ಕ್ಯಾಪಿಗೂ ಪ್ರೈಮರ್ ಬೇಕೇ ಬೇಕು ಎಂದಿಲ್ಲ. ಉಜ್ಜಿದ ಹಲ್ಲು ಸಾಕಷ್ಟು ಎತ್ತರವಿದ್ದು, ಗೋಡೆಗಳು ಬಹುಮಟ್ಟಿಗೆ ನೇರವಾಗಿದ್ದರೆ ಸಾಮಾನ್ಯ ಸಿಮೆಂಟಿನಲ್ಲೇ ಕ್ಯಾಪ್ ಹತ್ತಾರು ವರ್ಷ ನಿಲ್ಲಬಲ್ಲದು. ಈ ಕೆಳಗಿನ ಸಂದರ್ಭಗಳಲ್ಲಿ ಮಾತ್ರ ಅಂಟಿನ ಮೇಲೆಯೇ ಭಾರ.

ಗಿಡ್ಡ ಹಲ್ಲು: ವರ್ಷಗಟ್ಟಲೆ ಕವಳ ಜಗಿದು, ಅಡಿಕೆ ಕಡಿದು ಹಲ್ಲು ಸವೆದವರಲ್ಲಿ ಕ್ಯಾಪ್ ಹಿಡಿದುಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ. ಮೇಲಿಂದ ಮೇಲೆ ಕಳಚುವ ಕ್ಯಾಪುಗಳಲ್ಲಿ ಇಂಥವು ಅನೇಕ.

ರೆಕ್ಕೆಯ ಬ್ರಿಜ್: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದೋ, ಆಟದ ಮೈದಾನದಲ್ಲಿ ಚೆಂಡು ತಾಗಿಯೋ ಮುಂದಿನ ಹಲ್ಲೊಂದನ್ನು ಕಳೆದುಕೊಂಡ ಹದಿಹರೆಯದವರನ್ನು ನೆನೆಯಿರಿ. ದವಡೆಯ ಬೆಳವಣಿಗೆ ಮುಗಿಯದ ಕಾರಣ ಇಂಪ್ಲಾಂಟ್ ಹಾಕುವಂತಿಲ್ಲ. ಮಾಮೂಲಿ ಬ್ರಿಜ್ ಎಂದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಉಜ್ಜಬೇಕು. ಇಂಥವರಿಗೆ ಪಕ್ಕದ ಹಲ್ಲಿನ ಹಿಂಬದಿಗೆ ತೆಳುವಾದ ಲೋಹದ ರೆಕ್ಕೆಯನ್ನು ಅಂಟಿಸಿ ಕೃತಕ ಹಲ್ಲನ್ನು ನಿಲ್ಲಿಸಬಹುದು. 1973ರಲ್ಲಿ ಫ್ರಾನ್ಸಿನ ರೊಶೆಟ್ ರಂಧ್ರಗಳುಳ್ಳ ಲೋಹದ ಪಟ್ಟಿಯನ್ನು ಹೀಗೆ ಅಂಟಿಸಿ ತೋರಿಸಿದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಲೋಹದ ಒಳಮೈಯನ್ನೇ ಆಮ್ಲದಿಂದ ಕೊರೆದು ಅಂಟಿಸಿದರು. ಮೇರಿಲ್ಯಾಂಡ್ ಬ್ರಿಜ್ ಎಂಬ ಹೆಸರು ಅಲ್ಲಿಂದ ಬಂತು. ರಾಸಾಯನಿಕ ಪ್ರೈಮರುಗಳು ಬಂದ ಮೇಲೆ ರಂಧ್ರವೂ ಬೇಡ, ಕೊರೆಯುವುದೂ ಬೇಡ ಎಂದಾಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗೂ ಉದ್ದವಿದ್ದು, ತನ್ನ ಭಾರವನ್ನೆಲ್ಲ ಕಂಬಗಳ ಮೇಲೆ ಇಳಿಸಿದೆ. ರೆಕ್ಕೆಯ ಬ್ರಿಜ್ಜಿಗೆ ಅಂಥ ಕಂಬವಿಲ್ಲ, ಅಂಟೇ ಆಧಾರ. ಮುಂದಿನ ಹಲ್ಲುಗಳಲ್ಲಿ ಎರಡೂ ಕಡೆ ರೆಕ್ಕೆ ಅಂಟಿಸುವುದಕ್ಕಿಂತ ಒಂದೇ ಕಡೆ ಅಂಟಿಸಿದ ಬ್ರಿಜ್ ಚೆನ್ನಾಗಿ ಬಾಳುತ್ತದೆ ಎಂಬುದು ಅನುಭವದಿಂದ ತಿಳಿದಿದೆ. ಎರಡು ಹಲ್ಲುಗಳು ಜಗಿಯುವಾಗ ಬೇರೆ ಬೇರೆಯಾಗಿ ಅಲುಗುವುದರಿಂದ ಒಂದು ರೆಕ್ಕೆ ಬಿಟ್ಟುಕೊಂಡು, ಗೊತ್ತಾಗದೆ ಅಲ್ಲಿಯೇ ಹುಳುಕು ಸೇರುವ ಅಪಾಯವಿದೆ.

ಲೋಹದ ತಟ್ಟೆಯ ದಂತಪಂಕ್ತಿ: ತೆಗೆದು ಹಾಕುವ ಸೆಟ್ಟಿನಲ್ಲಿ ಕೋಬಾಲ್ಟ್-ಕ್ರೋಮಿಯಂ ತಟ್ಟೆಯೂ ಗುಲಾಬಿ ಬಣ್ಣದ ಅಕ್ರಿಲಿಕ್ಕೂ ಸೇರುವ ಗೆರೆಯಲ್ಲಿ ಸಂದು ಬಿಟ್ಟರೆ ಅಲ್ಲಿ ಕವಳದ ಕರೆ ಕಟ್ಟಿ ದುರ್ವಾಸನೆ ಬರುತ್ತದೆ. ತಯಾರಿಸುವಾಗಲೇ ಲೋಹಕ್ಕೆ ಪ್ರೈಮರ್ ಹಚ್ಚಿದರೆ ಈ ಸಂದು ಕಡಿಮೆಯಾಗುತ್ತದೆ.

ಪಿಂಗಾಣಿ ಚಕ್ಕೆ ಎದ್ದಾಗ: ಕ್ಯಾಪಿನ ಪಿಂಗಾಣಿ ಸಿಡಿದು ಒಳಗಿನ ಕಪ್ಪು ಲೋಹ ಕಂಡರೆ ಇಡೀ ಕ್ಯಾಪ್ ಒಡೆಯಲೇಬೇಕಿಲ್ಲ. ಲೋಹವನ್ನು ಒರಟು ಮಾಡಿ, ಪ್ರೈಮರ್ ಹಚ್ಚಿ, ಮೇಲೆ ಬಿಳಿ ರಾಳದ ತೇಪೆ ಹಾಕಬಹುದು.

ಪ್ರೈಮರ್ ಮಂತ್ರವಲ್ಲ

ಹಲ್ಲನ್ನು ಅತಿಯಾಗಿ ಮೊನೆಯಾಗುವಂತೆ ಉಜ್ಜಿದ್ದರೆ, ಕ್ಯಾಪ್ ಸಡಿಲವಾಗಿದ್ದರೆ, ಎದುರಿನ ಹಲ್ಲು ಮೊದಲೇ ತಾಗುವಷ್ಟು ಎತ್ತರವಾಗಿದ್ದರೆ ಯಾವ ಪ್ರೈಮರೂ ಕಾಯದು. ರಾತ್ರಿ ನಿದ್ರೆಯಲ್ಲಿ ಹಲ್ಲು ಕಡಿಯುವವರ ಕ್ಯಾಪುಗಳೂ ಬೇಗ ಸಡಿಲವಾಗುತ್ತವೆ; ಅವರು ಮಲಗುವಾಗ ಹಾಕಿಕೊಳ್ಳುವ ರಕ್ಷಾಕವಚ ಮಾಡಿಸಿಕೊಳ್ಳಬೇಕು. ವಸಡಿನಿಂದ ರಕ್ತ ಒಸರುತ್ತಿರುವಾಗ ಅಂಟಿಸುವುದೂ ಸರಿಯಲ್ಲ. ಮೊದಲು ವಸಡು ವಾಸಿಯಾಗಲಿ ಎಂದು ವೈದ್ಯರು ಹೇಳಿದರೆ ಅವಸರ ಮಾಡಬೇಡಿ. ಅಂಟಿಸುವಾಗ ಹತ್ತಿ ಇಟ್ಟು, ನಾಲಿಗೆ ಅಲುಗಿಸಬೇಡಿ ಎಂದು ಪದೇ ಪದೇ ಹೇಳುವುದು ಜೊಲ್ಲು ತಾಗದಿರಲಿ ಎಂದೇ.

ಕಳಚಿ ಬಿದ್ದರೆ ಏನು ಮಾಡಬೇಕು?

1. ಕ್ಯಾಪ್ ಕೈಗೆ ಸಿಕ್ಕಿದರೆ ನೀರಿನಲ್ಲಿ ತೊಳೆದು ಸಣ್ಣ ಡಬ್ಬಿಯಲ್ಲಿಡಿ. ಕಾಗದದಲ್ಲಿ ಸುತ್ತಿಟ್ಟರೆ ಕಸದ ಜೊತೆ ಹೋಗುವುದೇ ಹೆಚ್ಚು. ಒಳಗಿನ ಸಿಮೆಂಟನ್ನು ಪಿನ್ನಿನಿಂದ ಕೆರೆಯಬೇಡಿ.

2. ಸಾಧ್ಯವಾದಷ್ಟು ಬೇಗ, ಕೆಲವೇ ದಿನಗಳೊಳಗೆ ವೈದ್ಯರನ್ನು ಕಾಣಿರಿ. ತಡವಾದರೆ ಅಕ್ಕಪಕ್ಕದ ಹಲ್ಲು ವಾಲಿ, ಎದುರಿನ ಹಲ್ಲು ಇಳಿದು, ಅದೇ ಕ್ಯಾಪ್ ಮತ್ತೆ ಕೂರದೇ ಹೋಗಬಹುದು. ಆಗ ಹೊಸ ಕ್ಯಾಪಿನ ಖರ್ಚು.

3. ಅಲ್ಲಿಯವರೆಗೆ ಇನ್ನೊಂದು ಬದಿಯಲ್ಲಿ ಜಗಿಯಿರಿ. ಬಯಲಾದ ಹಲ್ಲನ್ನು ಮೃದುವಾದ ಬ್ರಷ್ಷಿನಿಂದ ಶುಚಿಯಾಗಿಡಿ.

4. ಸಡಿಲವಾದ ಕ್ಯಾಪನ್ನು ಹಲ್ಲಿನ ಮೇಲೆ ಸುಮ್ಮನೆ ಕೂರಿಸಿಕೊಂಡು ಮಲಗಬೇಡಿ. ನಿದ್ರೆಯಲ್ಲಿ ಗಂಟಲಿಗೆ ಇಳಿಯಬಹುದು.

5. ನುಂಗಿದರೆ ಗಾಬರಿ ಬೇಡ, ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ. ಆದರೂ ವೈದ್ಯರಿಗೆ ತಿಳಿಸಿ. ಒಮ್ಮೆಲೇ ಕೆಮ್ಮು, ಉಬ್ಬಸ, ಉಸಿರಾಟಕ್ಕೆ ತೊಂದರೆ ಕಂಡರೆ ಅದು ಶ್ವಾಸನಾಳಕ್ಕೆ ಹೋಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲೋಹವಾದ್ದರಿಂದ ಎಕ್ಸ್-ರೇಯಲ್ಲಿ ಕಾಣುತ್ತದೆ.

ಸೂಪರ್ ಗ್ಲೂ ಬೇಡವೇ ಬೇಡ

ಪೇಟೆಗೆ ಹೋಗುವ ಬದಲು ಅಂಗಡಿಯಲ್ಲಿ ಸಿಗುವ ಸೂಪರ್ ಗ್ಲೂ ಹಾಕಿ ತಾವೇ ಅಂಟಿಸಿಕೊಳ್ಳುವವರಿದ್ದಾರೆ. ಚಪ್ಪಲಿಗೂ ಆಟಿಕೆಗೂ ಸರಿ, ಬಾಯಿಗಲ್ಲ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ವಸಡು ನಾಲಿಗೆಗೆ ತಾಗಿದರೆ ಚರ್ಮ ಕಿತ್ತು ಬರುತ್ತದೆ. ಕ್ಷಣಾರ್ಧದಲ್ಲಿ ಹಿಡಿಯುವುದರಿಂದ ಕ್ಯಾಪ್ ಕೂದಲೆಳೆಯಷ್ಟು ಓರೆಯಾಗಿ ಕೂತರೂ ತಿದ್ದಲಾಗದು. ಒಳಗೆ ಸಿಕ್ಕ ರೋಗಾಣುಗಳು ಅಲ್ಲಿಯೇ ಹಲ್ಲನ್ನು ಕೊರೆಯುತ್ತವೆ. ಬಾಯಿಯ ಒದ್ದೆಯಲ್ಲಿ ಅದು ಹೇಗೂ ಬಹುಕಾಲ ನಿಲ್ಲದು. ಆಮೇಲೆ ಆ ಅಂಟನ್ನು ಕೆರೆದು ತೆಗೆಯುವುದರಲ್ಲಿ ಕ್ಯಾಪೂ ಹಾಳು, ಹಲ್ಲೂ ಹಾಳು.

ಸಂತೆ, ಜಾತ್ರೆಗಳಲ್ಲಿ ಕುಳಿತು ‘ಫಿಕ್ಸೆಡ್ ಹಲ್ಲು’ ಕಟ್ಟಿಕೊಡುವವರ ಕೆಲಸವೂ ಇದೇ ಜಾತಿಯದು. ಅವರು ಅಕ್ರಿಲಿಕ್ ಪುಡಿ ಕಲಸಿ ಪಕ್ಕದ ಹಲ್ಲಿಗೆ ಮೆತ್ತುತ್ತಾರೆ. ವಸಡಿನೊಳಗೆ ಹೊಕ್ಕ ಆ ಮುದ್ದೆಯ ಕೆಳಗೆ ಕೀವು ತುಂಬಿ, ಒಂದು ಹಲ್ಲಿನ ಆಸೆಗೆ ಮೂರು ಹಲ್ಲು ಹೋಗುತ್ತವೆ. ಕಾನೂನಿನ ಪ್ರಕಾರ ನೋಂದಣಿ ಇಲ್ಲದೆ ಹಲ್ಲಿನ ಚಿಕಿತ್ಸೆ ನಡೆಸುವಂತಿಲ್ಲ. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ.

ಬಾಳಿಕೆ ನಿಮ್ಮ ಕೈಯಲ್ಲಿ

ಕ್ಯಾಪಿಗೆ ಹುಳುಕು ಹಿಡಿಯದು, ಆದರೆ ಅದರ ಅಂಚಿನಲ್ಲಿ ಹಲ್ಲಿಗೆ ಹಿಡಿಯುತ್ತದೆ. ದಿನಕ್ಕೆ ಎರಡು ಬಾರಿ ಅಂಚಿನುದ್ದಕ್ಕೂ ಉಜ್ಜಬೇಕು. ಬ್ರಿಜ್ಜಿನ ಕೆಳಗೆ ತೂರುವ ದಪ್ಪ ದಾರ ಅಥವಾ ಸಣ್ಣ ಬ್ರಷ್ಷನ್ನು ಬಳಸಲು ವೈದ್ಯರಿಂದ ಕಲಿತುಕೊಳ್ಳಿ. ಆರು ತಿಂಗಳಿಗೊಮ್ಮೆ ತೋರಿಸಿ. ಒಣ ಅಡಿಕೆ, ಗಟ್ಟಿ ಚಿಕ್ಕಿ, ಮೀನಿನ ದಪ್ಪ ಮುಳ್ಳು ಕ್ಯಾಪಿನ ಮೇಲೆ ಕಡಿಯಬೇಡಿ. ಕವಳ ಹಾಕುವವರು ಇನ್ನೊಂದು ಮಾತನ್ನೂ ನೆನಪಿಡಬೇಕು. ತಂಬಾಕು ಇಲ್ಲದಿದ್ದರೂ ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿ ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಕಹಿ ಎನಿಸಿದರೂ ಹಲ್ಲು ತೋರಿಸಲು ಹೋದಾಗ ಕೆನ್ನೆಯ ಒಳಗನ್ನೂ ತೋರಿಸಿಕೊಂಡು ಬನ್ನಿ.

ಕೆಲವು ಸಂದೇಹಗಳು

ಪ್ರೈಮರಿನಿಂದ ಬಾಯಿಗೆ ತೊಂದರೆ ಇದೆಯೇ?
ಅದನ್ನು ಹಚ್ಚುವುದು ಕ್ಯಾಪಿನ ಒಳಮೈಗೆ, ಬಹುಪಾಲು ಬಾಯಿಯ ಹೊರಗೆ. ಅಂಟು ಗಟ್ಟಿಯಾದ ಮೇಲೆ ಅದು ಸರಪಳಿಯಲ್ಲಿ ಸೇರಿಹೋಗಿರುತ್ತದೆ. ರಾಳದ ಪದಾರ್ಥಗಳು ಒಗ್ಗದವರು ವಿರಳ. ಅಂಥ ಅನುಭವವಿದ್ದರೆ ಮೊದಲೇ ಹೇಳಿ.

ಅಗ್ಗದ ಓಲೆ, ವಾಚಿನ ಪಟ್ಟಿಯಿಂದ ನನಗೆ ತುರಿಕೆ ಬರುತ್ತದೆ. ಕ್ಯಾಪ್ ಹಾಕಿಸಬಹುದೇ?
ಅದು ನಿಕ್ಕಲ್ ಒಗ್ಗದಿರುವುದರ ಲಕ್ಷಣವಾಗಿರಬಹುದು. ವೈದ್ಯರಿಗೆ ತಿಳಿಸಿದರೆ ನಿಕ್ಕಲ್ ಇಲ್ಲದ ಕ್ಯಾಪನ್ನು ಆರಿಸುತ್ತಾರೆ.

ಒಮ್ಮೆ ಕಳಚಿದ ಕ್ಯಾಪನ್ನೇ ಮತ್ತೆ ಅಂಟಿಸಬಹುದೇ?
ಹಲ್ಲು ಗಟ್ಟಿಯಾಗಿದ್ದು, ಕ್ಯಾಪ್ ಸರಿಯಾಗಿ ಕೂರುವುದಾದರೆ ಧಾರಾಳವಾಗಿ ಅಂಟಿಸಬಹುದು. ಒಳಮೈಯನ್ನು ಮತ್ತೆ ಒರಟು ಮಾಡಿ, ಶುಚಿಗೊಳಿಸಿ, ಬೇಕಿದ್ದರೆ ಪ್ರೈಮರ್ ಹಚ್ಚಿ ಅಂಟಿಸುತ್ತಾರೆ. ಎರಡು ಮೂರು ಬಾರಿ ಕಳಚಿದ್ದರೆ ಅಂಟನ್ನು ದೂರದೆ ಕಾರಣ ಹುಡುಕಬೇಕು.

ಊರಿನಲ್ಲಿ ಸ್ಯಾಂಡ್‌ಬ್ಲಾಸ್ಟ್ ಯಂತ್ರ ಇಲ್ಲದಿದ್ದರೆ?
ಕುರ್ಚಿಯ ಪಕ್ಕದಲ್ಲೇ ಬಳಸುವ ಸಣ್ಣ ಯಂತ್ರಗಳಿವೆ. ಅದೂ ಇಲ್ಲದಿದ್ದರೆ ಕ್ಯಾಪ್ ತಯಾರಿಸುವ ಲ್ಯಾಬಿನಲ್ಲಿ ಮಾಡಿಸಬಹುದು. ಕಷ್ಟದ ಪ್ರಕರಣವಾದರೆ ಮಣಿಪಾಲ, ಮಂಗಳೂರು, ಧಾರವಾಡದ ದಂತ ಕಾಲೇಜುಗಳಿವೆ. ಅಲ್ಲಿಗೆ ಹೋಗುವಾಗ ಕಳಚಿದ ಕ್ಯಾಪ್, ಹಳೆಯ ಎಕ್ಸ್-ರೇ, ಯಾವ ಲೋಹದ ಕ್ಯಾಪ್ ಎಂಬ ಚೀಟಿ, ಈ ಮೂರನ್ನೂ ಮರೆಯದೆ ಒಯ್ಯಿರಿ. ಎರಡನೇ ಸಲದ ಪ್ರಯಾಣ ಉಳಿಯುತ್ತದೆ.